ಒಟ್ಟೆ ಹುಡುಕುವ ಕೆಲಸ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ವಿಜ್ಞಾನ ಗೋಷ್ಠಿಯಲ್ಲಿ ಹಳೆ ವಿದ್ಯಾರ್ಥಿಯೊಬ್ಬರು ಮಾಡಿದ ಉಪನ್ಯಾಸದ ಬರಹ ರೂಪ)



ಸಮಿತಿಯವರು ಫೋನ್ ಮಾಡಿ, "ನಿಮ್ಮ ಉದ್ಯೋಗದ ಬಗ್ಗೆ ಮಕ್ಕಳಿಗೆ ಅರ್ಧ ಗಂಟೆ ಮಾತಾಡಬೇಕು" ಎಂದಾಗ ನಾನು ಸ್ವಲ್ಪ ಹಿಂಜರಿದೆ. ಡಾಕ್ಟರು, ವಕೀಲರು, ಬ್ಯಾಂಕಿನವರು ಆಗಿದ್ದರೆ ಹೇಳುವುದು ಸುಲಭ. ನನ್ನ ಕೆಲಸ ಏನೆಂದು ಮನೆಯವರಿಗೇ ಸರಿಯಾಗಿ ಗೊತ್ತಿಲ್ಲ. "ಬೆಂಗಳೂರಿನಲ್ಲಿ ಮಗನಿಗೆ ಏನು ಕೆಲಸ?" ಎಂದು ಯಾರಾದರೂ ಕೇಳಿದರೆ ನನ್ನ ಅಮ್ಮ, "ಒಟ್ಟೆ ಉಂಟಾ ಅಂತ ನೋಡುವ ಕೆಲಸವಂತೆ" ಎನ್ನುತ್ತಿದ್ದರು. ಮೂವತ್ತು ವರ್ಷ ದಾಟಿದ ನನ್ನ ನೌಕರಿಯನ್ನು ಇದಕ್ಕಿಂತ ಚೆನ್ನಾಗಿ ಯಾರೂ ವರ್ಣಿಸಿಲ್ಲ. ಕಾರ್ಖಾನೆಯಲ್ಲಿ ತಯಾರಾದ ಪೈಪು, ವಾಲ್ವು, ಟ್ಯಾಂಕುಗಳಲ್ಲಿ ಒಟ್ಟೆ ಇದೆಯೇ ಎಂದು ನೋಡುವುದು, ಇದ್ದರೆ ಎಲ್ಲಿ, ಎಷ್ಟು ಎಂದು ಹೇಳುವುದು. ಅಷ್ಟೇ.

ಈ ಕೆಲಸದ ಮೊದಲ ಪಾಠ ನನಗೆ ಸಿಕ್ಕಿದ್ದು ನಮ್ಮ ಮನೆಯ ಹಂಚಿನ ಮಾಡಿನಲ್ಲಿ. ಆಟಿಯ ಮಳೆಗೆ ಚಾವಡಿಯ ಮೂಲೆಯಲ್ಲಿ ತೊಟ್ಟಿಕ್ಕುತ್ತಿತ್ತು. ಅಮ್ಮ ಅಲ್ಲಿ ಒಂದು ಪಾತ್ರೆ ಇಡುತ್ತಿದ್ದರು. ಅಪ್ಪ ಏಣಿ ಇಟ್ಟು ನೀರು ಬೀಳುವ ಜಾಗದ ನೇರ ಮೇಲಿನ ಹಂಚನ್ನು ಬದಲಿಸಿದರು. ಮರುದಿನವೂ ಅಲ್ಲೇ ತೊಟ್ಟಿಕ್ಕಿತು. ಮತ್ತೆ ನೋಡಿದರೆ ಹಂಚು ಒಡೆದದ್ದು ಎಷ್ಟೋ ಮೇಲೆ. ನೀರು ಪಕ್ಕಾಸಿನ ಅಡಿಗುಂಟ ಹರಿದು ಬಂದು, ಗಂಟು ಇದ್ದ ಜಾಗದಲ್ಲಿ ಕೆಳಗೆ ಬೀಳುತ್ತಿತ್ತು. ಸೋರಿದ್ದು ಕಾಣುವ ಜಾಗ ಬೇರೆ, ಒಟ್ಟೆ ಇರುವ ಜಾಗ ಬೇರೆ. ಇದನ್ನು ಮುಂದೆ ದೊಡ್ಡ ದೊಡ್ಡ ಯಂತ್ರಗಳ ಮುಂದೆ ನಿಂತಾಗ ಎಷ್ಟು ಸಲ ನೆನೆಸಿಕೊಂಡಿದ್ದೇನೋ ಲೆಕ್ಕವಿಲ್ಲ.

ಎರಡನೆಯ ಪಾಠ ಸೈಕಲ್ ಅಂಗಡಿಯದ್ದು. ಪಂಕ್ಚರ್ ಹಾಕುವವರು ಟ್ಯೂಬಿಗೆ ಗಾಳಿ ತುಂಬಿ ನೀರಿನಲ್ಲಿ ಮುಳುಗಿಸಿ ತಿರುಗಿಸುವುದನ್ನು ನೀವೆಲ್ಲ ನೋಡಿದ್ದೀರಿ. ಗುಳ್ಳೆ ಬಂದಲ್ಲಿ ಒಟ್ಟೆ. ಕೈಗಾರಿಕೆಯಲ್ಲಿಯೂ ಇದನ್ನೇ ಮಾಡುತ್ತಾರೆ, ಹೆಸರು ಮಾತ್ರ ಗುಳ್ಳೆ ಪರೀಕ್ಷೆ. ನೀರಿನಲ್ಲಿ ಮುಳುಗಿಸಲಾಗದ ದೊಡ್ಡ ವಸ್ತುವಾದರೆ ಸಾಬೂನಿನ ನೀರು ಹಚ್ಚುತ್ತಾರೆ. ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರಿಗೆ ಸಾಬೂನು ನೀರು ಹಚ್ಚಿ ನೋಡಿ ಎನ್ನುವುದು ಅದಕ್ಕೇ. ಬೆಂಕಿಕಡ್ಡಿ ಗೀರಿ ನೋಡುವವರೂ ಇದ್ದಾರೆ, ದಯವಿಟ್ಟು ಆ ಸಾಹಸ ಬೇಡ.

ಇನ್ನೊಂದು ವಿಧಾನ, ಒಳಗೆ ಗಾಳಿ ತುಂಬಿ ಮುಚ್ಚಿ, ಪ್ರೆಷರ್ ಗೇಜಿನ ಮುಳ್ಳು ಇಳಿಯುತ್ತದೆಯೇ ಎಂದು ಕಾಯುವುದು. ಕೇಳಲು ಸುಲಭ. ಆದರೆ ಕೋಣೆಯ ಉಷ್ಣತೆ ಒಂದು ಡಿಗ್ರಿ ಇಳಿದರೂ ಒಳಗಿನ ಒತ್ತಡ ಮುನ್ನೂರರಲ್ಲಿ ಒಂದು ಭಾಗದಷ್ಟು ಇಳಿಯುತ್ತದೆ. ಸಂಜೆಯ ತಂಪಿಗೆ ಒಳ್ಳೆಯ ಟ್ಯಾಂಕೂ ಸೋರಿದ ಹಾಗೆ ಕಾಣುತ್ತದೆ. ಬೆಳಿಗ್ಗೆ ಬಿಸಿಲೇರುವಾಗ ನಿಜವಾಗಿ ಸೋರುವ ಟ್ಯಾಂಕೂ ಒಳ್ಳೆಯದಾಗಿ ಕಾಣುತ್ತದೆ. ಹತ್ತನೆಯ ತರಗತಿಯವರು ಅನಿಲಗಳ ನಿಯಮವನ್ನು ಅಂಕಕ್ಕಾಗಿ ಮಾತ್ರ ಓದಬೇಡಿ ಎಂದು ಹೇಳಲು ನನಗೆ ಇಷ್ಟು ಸಾಕು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. "ಇದು ಸೋರುವುದಿಲ್ಲ" ಎಂದು ನಾವು ಸಲೀಸಾಗಿ ಹೇಳುತ್ತೇವೆ. ನಮ್ಮ ಉದ್ಯೋಗದಲ್ಲಿ ಆ ಮಾತಿಗೆ ಬೆಲೆ ಇಲ್ಲ. ಎಷ್ಟಕ್ಕಿಂತ ಕಡಿಮೆ ಸೋರುತ್ತದೆ, ಯಾವುದರಿಂದ ಅಳೆದಿರಿ ಎಂದು ಕೇಳುತ್ತಾರೆ. ನಮ್ಮ ಅಳತೆಯ ಮಾನ ಮಿಲಿಬಾರ್-ಲೀಟರ್ ಪ್ರತಿ ಸೆಕೆಂಡಿಗೆ. ಹೆಸರಿಗೆ ಹೆದರಬೇಡಿ. ಸೆಕೆಂಡಿಗೆ ಸರಿಸುಮಾರು ಒಂದು ಸಿಸಿ ಗಾಳಿ ಹೊರಗೆ ಹೋದರೆ ಅದು ಒಂದು. ಅದರ ಸಾವಿರದಲ್ಲಿ ಒಂದು ಭಾಗ ಎಂದರೆ, ಒಂದು ಸಿಸಿ ಹೋಗಲು ಸುಮಾರು ಹದಿನೇಳು ನಿಮಿಷ ಬೇಕು. ಸೈಕಲ್ ಅಂಗಡಿಯ ನೀರಿನಲ್ಲಿ ಕಣ್ಣಿಗೆ ಕಾಣುವುದು ಹೆಚ್ಚುಕಡಿಮೆ ಅಲ್ಲಿಯ ತನಕ; ಒಳ್ಳೆಯ ಬೆಳಕು, ತಾಳ್ಮೆ ಇದ್ದರೆ ಇನ್ನೂ ಹತ್ತು ಪಾಲು ಸಣ್ಣದು. ಹತ್ತು ಲಕ್ಷದಲ್ಲಿ ಒಂದು ಭಾಗವಾದರೆ ಒಂದು ಸಿಸಿ ಹೋಗಲು ಹನ್ನೊಂದೂವರೆ ದಿನ. ಯಾವ ಗುಳ್ಳೆಗೆ ಅಷ್ಟು ದಿನ ಕಾಯುತ್ತೀರಿ? ನೂರು ಕೋಟಿಯಲ್ಲಿ ಒಂದು ಭಾಗವಾದರೆ ಸುಮಾರು 32 ವರ್ಷ. ನಮ್ಮ ಈ ಶಾಲೆ ಶುರುವಾದ ದಿನ ಅಂಥ ಒಂದು ಒಟ್ಟೆ ಸೋರಲು ಶುರುವಾಗಿದ್ದರೆ, ಐವತ್ತು ವರ್ಷ ತುಂಬಿದ ಇವತ್ತಿಗೆ ಹೊರಗೆ ಹೋದ ಗಾಳಿ ಒಂದೂವರೆ ಸಿಸಿಯಷ್ಟು. ಅಷ್ಟು ಸಣ್ಣದನ್ನು ಒಂದೆರಡು ನಿಮಿಷದಲ್ಲಿ ಹಿಡಿಯುವ ಉಪಾಯ ಬೇಕು. ಆ ಉಪಾಯವೇ ಹೀಲಿಯಂ.

ಹೀಲಿಯಂ ಎಂದರೆ ಮಕ್ಕಳಿಗೆ ಹಾರುವ ಬಲೂನು ನೆನಪಾಗುತ್ತದೆ. ಅದರ ಮೊದಲ ಸುಳಿವು ಸಿಕ್ಕಿದ ಕಥೆಯಲ್ಲಿ ನಮ್ಮ ರಾಜ್ಯಕ್ಕೂ ಒಂದು ಪಾಲಿದೆ ಎಂದು ತುಂಬ ಜನರಿಗೆ ಗೊತ್ತಿಲ್ಲ. 1868ರ ಆಗಸ್ಟ್ 18ರಂದು ಖಗ್ರಾಸ ಸೂರ್ಯಗ್ರಹಣವಾಯಿತು. ಅದನ್ನು ನೋಡಲು ಫ್ರಾನ್ಸಿನ ಜಾನ್ಸನ್ ಗುಂಟೂರಿಗೆ ಬಂದರು. ಅದೇ ಗ್ರಹಣವನ್ನು ಲೆಫ್ಟಿನೆಂಟ್ ಜಾನ್ ಹರ್ಷಲ್ ನೋಡಿದ್ದು ಈಗಿನ ಬಾಗಲಕೋಟೆ ಜಿಲ್ಲೆಯ ಜಮಖಂಡಿಯಲ್ಲಿ. ಸೂರ್ಯನ ಅಂಚಿನಿಂದ ಎದ್ದ ಜ್ವಾಲೆಯ ಬೆಳಕನ್ನು ಬಿಡಿಸಿ ನೋಡಿದಾಗ ಹೊಳೆಯುವ ಗೆರೆಗಳು ಕಂಡವು. ಅದರಲ್ಲಿ ಹಳದಿ-ಕಿತ್ತಳೆ ಬಣ್ಣದ ಗೆರೆ ಸೋಡಿಯಂನದ್ದಿರಬಹುದು ಎಂದು ಮೊದಲು ಅನ್ನಿಸಿತು. ಇಂಗ್ಲೆಂಡಿನ ಲಾಕ್ಯರ್ ಅದೇ ವರ್ಷ ಆ ಗೆರೆಯನ್ನು ಗ್ರಹಣವಿಲ್ಲದೆಯೇ ನೋಡಿ, ಅದು ಸೋಡಿಯಂನದ್ದಲ್ಲ, ಭೂಮಿಯಲ್ಲಿ ಕಾಣದ ಹೊಸ ಧಾತುವಿನದ್ದು ಎಂದರು. ಗ್ರೀಕರ ಸೂರ್ಯನ ಹೆಸರಿನಿಂದ ಅದಕ್ಕೆ ಹೀಲಿಯಂ ಎಂಬ ಹೆಸರಾಯಿತು. 1895ರಲ್ಲಿ ರಾಮ್ಸೆ ಅದನ್ನು ಭೂಮಿಯ ಒಂದು ಖನಿಜದಲ್ಲಿ ಕಂಡುಹಿಡಿಯುವ ತನಕ 27 ವರ್ಷ ಅದು ಸೂರ್ಯನಲ್ಲಿ ಮಾತ್ರ ಇರುವ ವಸ್ತುವಾಗಿತ್ತು.

ಒಟ್ಟೆ ಹುಡುಕಲು ಇದೇ ಯಾಕೆ ಬೇಕು? ಬಹಳ ಸಪುರವಾದ ದಾರಿಯಲ್ಲಿಯೂ ನುಗ್ಗಿ ಹೋಗುತ್ತದೆ. ಉರಿಯುವುದಿಲ್ಲ, ಯಾವ ಲೋಹವನ್ನೂ ಕೆಡಿಸುವುದಿಲ್ಲ. ಹೈಡ್ರೋಜನ್ ಇದಕ್ಕಿಂತ ಹಗುರ, ಆದರೆ ಬೆಂಕಿ ಹಿಡಿಯುತ್ತದೆ. ಎಲ್ಲಕ್ಕಿಂತ ಮುಖ್ಯ, ನಾವು ಉಸಿರಾಡುವ ಗಾಳಿಯಲ್ಲಿ ಹತ್ತು ಲಕ್ಷ ಪಾಲಿಗೆ ಹೀಲಿಯಂ ಐದೇ ಪಾಲು. ಸಂತೆಯಲ್ಲಿ ನಮ್ಮ ಊರಿನವರನ್ನು ಹುಡುಕುವುದು ಕಷ್ಟ. ಯಾರೂ ಇಲ್ಲದ ಗುಡ್ಡೆಯಲ್ಲಿ ಒಬ್ಬ ನಿಂತಿದ್ದರೆ ದೂರದಿಂದಲೇ ಕಾಣುತ್ತದೆ. ಹಾಗೆ.

ಅದನ್ನು ಹಿಡಿಯುವ ಯಂತ್ರದ ಹೆಸರು ಮಾಸ್ ಸ್ಪೆಕ್ಟ್ರೋಮೀಟರ್. ಒಳಗೆ ಬಂದ ಅನಿಲಕ್ಕೆ ವಿದ್ಯುದಾವೇಶ ಕೊಟ್ಟು, ಅಯಸ್ಕಾಂತದ ನಡುವೆ ಓಡಿಸುತ್ತಾರೆ. ಹಗುರವಾದದ್ದು ಹೆಚ್ಚು ಬಾಗುತ್ತದೆ, ಭಾರದ್ದು ಕಡಿಮೆ ಬಾಗುತ್ತದೆ. ತೂಕ ನಾಲ್ಕು ಇರುವ ಹೀಲಿಯಂ ಬಂದು ಬೀಳುವ ಜಾಗದಲ್ಲಿ ಮಾತ್ರ ಒಂದು ಸಂಡಿ ಬಿಟ್ಟು, ಅಲ್ಲಿಗೆ ಎಷ್ಟು ಬಂತು ಎಂದು ಎಣಿಸುತ್ತಾರೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಓಕ್ ರಿಜ್‌ನಲ್ಲಿ ಯುರೇನಿಯಂ ಅನಿಲ ಹರಿಯುವ ಭಾರೀ ಕೊಳವೆ ಜಾಲದ ಒಟ್ಟೆ ಹುಡುಕಲು ಈ ಯಂತ್ರವನ್ನು ಬಳಕೆಗೆ ತಂದವರಲ್ಲಿ ಮುಖ್ಯರು ಆಲ್ಫ್ರೆಡ್ ನೀರ್. ನೀರಿನ ಪರೀಕ್ಷೆ ಸಾಲದೆ ಬಂದಾಗ ಬೇರೆ ದಾರಿ ತೋರಿಸಿದವರ ಹೆಸರೇ ನೀರ್! ನಾವು ಕನ್ನಡದವರು ಮಾತ್ರ ನಗಬಹುದಾದ ಜೋಕು ಇದು.

ಈ ಯಂತ್ರವನ್ನು ಬಳಸುವ ಕ್ರಮಗಳು ಹಲವು. ವಸ್ತುವಿನ ಒಳಗಿನ ಗಾಳಿಯನ್ನು ಪಂಪಿನಿಂದ ಪೂರ್ತಿ ಎಳೆದು, ಯಂತ್ರಕ್ಕೆ ಜೋಡಿಸಿ, ಹೊರಗಿನಿಂದ ಸಪುರ ನಳಿಗೆಯಲ್ಲಿ ಹೀಲಿಯಂ ಊದುವುದು ಒಂದು. ಒಟ್ಟೆ ಇದ್ದಲ್ಲಿ ಅದು ಒಳಗೆ ನುಗ್ಗಿ ಯಂತ್ರಕ್ಕೆ ಹೋಗುತ್ತದೆ. ಊದಲು ಮೇಲಿನಿಂದ ಶುರುಮಾಡಬೇಕು. ಹೀಲಿಯಂ ಮೇಲಕ್ಕೇರುವ ಅನಿಲ. ಕೆಳಗೆ ಊದಿದ್ದು ಮೇಲಿನ ಒಟ್ಟೆಗೆ ಹೊಕ್ಕರೆ ನಾವು ಕೆಳಗೇ ಹುಡುಕುತ್ತಾ ಇರುತ್ತೇವೆ. ನಮ್ಮ ಮನೆಯ ಪಕ್ಕಾಸಿನ ಕಥೆ ತಲೆಕೆಳಗಾಗಿ! ಒಟ್ಟೆ ಎಲ್ಲಿದೆ ಎನ್ನುವುದಕ್ಕಿಂತ ಒಟ್ಟು ಎಷ್ಟು ಸೋರುತ್ತದೆ ಎಂದು ತಿಳಿಯಬೇಕಾದರೆ ಇಡೀ ವಸ್ತುವಿಗೆ ಪ್ಲಾಸ್ಟಿಕ್ ಚೀಲ ಹೊದಿಸಿ ಅದರೊಳಗೆ ಹೀಲಿಯಂ ತುಂಬುತ್ತಾರೆ.

ಇನ್ನೊಂದು ಇದರ ಉಲ್ಟಾ. ಒಳಗೆ ಹೀಲಿಯಂ ತುಂಬಿ, ಹೊರಗೆ ಮೂಸುವ ನಳಿಗೆ ಹಿಡಿದುಕೊಂಡು ಜೋಡಣೆಯ ಗುಂಟ ನಿಧಾನವಾಗಿ ಹೋಗುವುದು. ನಾಯಿ ಮೂಸಿದ ಹಾಗೆ. ಫ್ರಿಜ್ಜು, ಏಸಿಗಳ ಕೊಳವೆಗಳಿಗೆ ಇದು ಬಹಳ ಅನುಕೂಲ. ಆದರೆ ಗಾಳಿಯಲ್ಲಿರುವ ಆ ಐದು ಪಾಲು ಹೀಲಿಯಂ ಯಾವಾಗಲೂ ಮೂಗಿಗೆ ಬರುತ್ತಿರುವುದರಿಂದ ತೀರಾ ಸಣ್ಣದು ಇದರಲ್ಲಿ ಸಿಗುವುದಿಲ್ಲ. ಅದು ಬೇಕಾದರೆ ಹೀಲಿಯಂ ತುಂಬಿದ ವಸ್ತುವನ್ನು ನಿರ್ವಾತ ಪೆಟ್ಟಿಗೆಯೊಳಗೆ ಇಡಬೇಕು. ಹೃದಯಕ್ಕೆ ಅಳವಡಿಸುವ ಪೇಸ್‌ಮೇಕರಿನಂತಹ, ಮೊದಲೇ ಮುಚ್ಚಿ ಬಿಗಿದ ಸಣ್ಣ ವಸ್ತುಗಳಿಗೆ ಹೀಲಿಯಂ ತುಂಬಲು ದಾರಿಯೇ ಇಲ್ಲ. ಅಂಥವನ್ನು ಕೆಲವು ಗಂಟೆ ಒತ್ತಡದ ಹೀಲಿಯಂ ಒಳಗೆ ಇಟ್ಟು, ಆಮೇಲೆ ಹೊರತೆಗೆದು ನಿರ್ವಾತದಲ್ಲಿ ಇಡುತ್ತಾರೆ. ಒಟ್ಟೆ ಇದ್ದರೆ ಒಳಹೊಕ್ಕ ಹೀಲಿಯಂ ಹೊರಗೆ ಬಂದು ದೂರು ಹೇಳುತ್ತದೆ.

ಪುಸ್ತಕದಲ್ಲಿ ಸುಲಭವಾಗಿ ಕಣ್ಣಿಗೆ ಬೀಳದ ಒಂದು ಮಾತು. ನೀರಿನಲ್ಲಿ ಮುಳುಗಿಸಿ ನೋಡಿದ ವಸ್ತುವನ್ನು ಒಣಗಿಸದೆ ಹೀಲಿಯಂ ಪರೀಕ್ಷೆಗೆ ತರಬಾರದು. ಸಣ್ಣ ಒಟ್ಟೆಯೊಳಗೆ ನೀರು ಹೊಕ್ಕು ಕುಳಿತರೆ ಅದೇ ಬಿರಡೆಯಾಗುತ್ತದೆ. ಪರೀಕ್ಷೆ ಪಾಸು. ಎರಡು ತಿಂಗಳ ನಂತರ ನೀರು ಒಣಗಿದಾಗ ಸೋರುತ್ತದೆ. ಎಣ್ಣೆ, ಗ್ರೀಸು, ಬಣ್ಣ ಕೂಡ ಹೀಗೆಯೇ. ಅದೇ ರೀತಿ ರಬ್ಬರಿನ ರಿಂಗ್ ಇದ್ದಲ್ಲಿ ತುಂಬ ಹೊತ್ತು ಹೀಲಿಯಂ ಬಿಟ್ಟರೆ ಅದು ರಬ್ಬರಿನ ಮೂಲಕವೇ ಹಾದು ಬಂದು ಇಲ್ಲದ ಒಟ್ಟೆಯನ್ನು ತೋರಿಸುತ್ತದೆ. ಯಂತ್ರ ಸುಳ್ಳು ಹೇಳುವುದಿಲ್ಲ, ಆದರೆ ನಾವು ಕೇಳಿದ ಪ್ರಶ್ನೆ ಒಂದು, ಅದು ಕೊಟ್ಟ ಉತ್ತರ ಇನ್ನೊಂದಕ್ಕೆ ಆಗಿರಬಹುದು.

ಇಷ್ಟೆಲ್ಲ ತಲೆಬಿಸಿ ಯಾಕೆ ಎಂದು ಕೇಳಬಹುದು. ಫ್ರಿಜ್ಜಿನ ಅನಿಲ ವರ್ಷಕ್ಕೆ ಕೆಲವೇ ಗ್ರಾಂ ಹೋದರೂ ಕೆಲವು ವರ್ಷಗಳಲ್ಲಿ ತಂಪಾಗುವುದು ನಿಲ್ಲುತ್ತದೆ. ರಾಕೆಟ್ಟಿನ ವಿಷಯದಲ್ಲಿ ಪರಿಣಾಮ ದೊಡ್ಡದು. 2013ರ ಆಗಸ್ಟ್ 19ರಂದು ಶ್ರೀಹರಿಕೋಟಾದಲ್ಲಿ ಜಿಎಸ್ಎಲ್‌ವಿ-ಡಿ5 ಹಾರಲು ಇನ್ನು 74 ನಿಮಿಷ ಇರುವಾಗ ಎರಡನೇ ಹಂತದ ಇಂಧನ ಸೋರುವುದು ಕಂಡಿತು. ಉಡಾವಣೆ ನಿಲ್ಲಿಸಿದರು. ಆ ಟ್ಯಾಂಕಿನ ಬದಲಿಗೆ ಬೇರೆ ಅಲ್ಯೂಮಿನಿಯಂ ಮಿಶ್ರಲೋಹದ ಟ್ಯಾಂಕ್ ತಯಾರಿಸಿ, 2014ರ ಜನವರಿ 5ರಂದು ಅದೇ ರಾಕೆಟ್ ಹಾರಿತು. ನಮ್ಮದೇ ಕ್ರಯೋಜೆನಿಕ್ ಎಂಜಿನ್ ಯಶಸ್ವಿಯಾದದ್ದು ಆ ದಿನ. ಅಂಥ ಎಂಜಿನ್ನಿನಲ್ಲಿ ಮೈನಸ್ 253 ಡಿಗ್ರಿಯ ದ್ರವ ಹೈಡ್ರೋಜನ್ ಹರಿಯುತ್ತದೆ. ಕೋಣೆಯ ಉಷ್ಣತೆಯಲ್ಲಿ ಬಿಗಿಯಾಗಿದ್ದ ಜೋಡಣೆ ಆ ಚಳಿಗೆ ಕುಗ್ಗಿ ಬಾಯಿ ಬಿಡಬಹುದು. ಈಗ ಕ್ರಯೋಜೆನಿಕ್ ಎಂಜಿನ್ ತಯಾರಿಸುವ ಘಟಕ ಬೆಂಗಳೂರಿನ ಎಚ್ಎಎಲ್‌ನಲ್ಲಿಯೇ ಇದೆ. 2022ರ ಸೆಪ್ಟೆಂಬರಿನಲ್ಲಿ ರಾಷ್ಟ್ರಪತಿ ದ್ರೌಪದಿ ಮುರ್ಮು ಅದನ್ನು ಉದ್ಘಾಟಿಸಿದರು. ಹತ್ತು ವರ್ಷ ಇಸ್ರೋದ ಅಧ್ಯಕ್ಷರಾಗಿದ್ದ ಯು. ಆರ್. ರಾವ್ ಅವರು ಇಲ್ಲಿಂದ ಹೆಚ್ಚು ದೂರವಿಲ್ಲದ ಅದಮಾರಿನವರು ಎಂಬುದನ್ನು ಮಕ್ಕಳಿಗೆ ನೆನಪಿಸುತ್ತೇನೆ. 2024ರ ಜೂನ್‌ನಲ್ಲಿ ಸುನಿತಾ ವಿಲಿಯಮ್ಸ್ ಹೋದ ಸ್ಟಾರ್‌ಲೈನರ್ ನೌಕೆಯಲ್ಲಿ ಸೋರಿದ್ದು ಹೀಲಿಯಮ್ಮೇ. ಹಾರುವ ಮೊದಲೇ ಒಂದು ಸೋರಿಕೆ ಗೊತ್ತಿತ್ತು, ಅಷ್ಟು ಸೋರಿದರೆ ತೊಂದರೆಯಿಲ್ಲ ಎಂದು ಲೆಕ್ಕ ಹಾಕಿದ್ದರು. ಹಾರಿದ ಮೇಲೆ ಇನ್ನೂ ಕೆಲವು ಕಾಣಿಸಿಕೊಂಡವು, ನೌಕೆಯ ದಿಕ್ಕು ತಿದ್ದುವ ಸಣ್ಣ ಎಂಜಿನ್ನುಗಳೂ ಕೈಕೊಟ್ಟವು. ಅವರು ಬೇರೆ ನೌಕೆಯಲ್ಲಿ ಹಿಂದಿರುಗಿದ್ದು 2025ರ ಮಾರ್ಚಿನಲ್ಲಿ.

ನಾನು ರಾಕೆಟ್ ಹಾರಿಸಿದವನಲ್ಲ. ಆದರೆ ನನ್ನದೊಂದು ಕಥೆ ಹೇಳದಿದ್ದರೆ ಈ ಉಪನ್ಯಾಸ ಅರ್ಧವೇ.

ಕೆಲಸಕ್ಕೆ ಸೇರಿ ಎರಡು ವರ್ಷ ಆಗಿತ್ತು. ಆ ಕಾರ್ಖಾನೆಯ ಹೆಸರು ಇಲ್ಲಿ ಬೇಡ, ತಪ್ಪು ನನ್ನದು. ವಾಲ್ವುಗಳಿಗೆ ಮೂಸುವ ಪರೀಕ್ಷೆ ಮಾಡುವುದು ನನ್ನ ಪಾಳಿ. ಈ ಪರೀಕ್ಷೆಗೆ ಒಂದು ಕಟ್ಟುನಿಟ್ಟಿನ ಕ್ರಮವಿದೆ. ಬೇಕೆಂದೇ ಒಟ್ಟೆ ಮಾಡಿದ ಒಂದು ಸಣ್ಣ ಬಾಟಲಿ ಇರುತ್ತದೆ. ಅದರಿಂದ ಹೀಲಿಯಂ ಎಷ್ಟು ಸೋರುತ್ತದೆ ಎಂದು ಸರ್ಟಿಫಿಕೇಟಿನಲ್ಲಿ ಬರೆದಿರುತ್ತದೆ. ಮೊದಲು ನಳಿಗೆಯನ್ನು ಅದಕ್ಕೆ ಹಿಡಿದು, ಯಂತ್ರ ಅಷ್ಟನ್ನೇ ತೋರಿಸುತ್ತದೆಯೇ ಎಂದು ನೋಡಬೇಕು. ಬೆಳಿಗ್ಗೆ, ಊಟದ ನಂತರ, ಪಾಳಿ ಮುಗಿಯುವಾಗ. ಅಂದು ಬೆಳಿಗ್ಗೆ ನೋಡಿದೆ. ಊಟದ ನಂತರ ನೋಡಲಿಲ್ಲ. ಲಾರಿ ಬಂದು ನಿಂತಿತ್ತು, ಎಲ್ಲರಿಗೂ ಅವಸರ. ಮಧ್ಯಾಹ್ನ 46 ವಾಲ್ವು ಪರೀಕ್ಷಿಸಿದೆ. ಒಂದರಲ್ಲಿಯೂ ಮುಳ್ಳು ಅಲುಗಲಿಲ್ಲ. ಸಾಮಾನ್ಯವಾಗಿ ಗಾಳಿಯ ಹೀಲಿಯಂನಿಂದಾಗಿ ಮುಳ್ಳು ಸ್ವಲ್ಪ ಮೇಲೆಯೇ ನಿಂತು ನಡುಗುತ್ತಿರುತ್ತದೆ. ಅಂದು ಕೆಳಗೆ, ಸತ್ತ ಹಾಗೆ ಬಿದ್ದಿತ್ತು. ಮಿಷನ್ ಇವತ್ತು ಒಳ್ಳೆಯ ಮನಸ್ಸಿನಲ್ಲಿದೆ ಎಂದುಕೊಂಡೆ. ಎಲ್ಲದಕ್ಕೂ ಸಹಿ ಹಾಕಿದೆ.

ಸಂಜೆ ಐದು ಗಂಟೆಗೆ, ಲಾರಿಗೆ ತುಂಬಿಸಿ ಹಗ್ಗ ಕಟ್ಟುತ್ತಿರುವಾಗ, ಕೊನೆಯ ಸಲ ನಳಿಗೆಯನ್ನು ಆ ಬಾಟಲಿಗೆ ಹಿಡಿದೆ. ಏನೂ ಇಲ್ಲ. ಬಿಚ್ಚಿ ನೋಡಿದರೆ ನಳಿಗೆಯ ತುದಿಯಲ್ಲಿ ಗ್ರೀಸು ಮೆತ್ತಿ ಬಾಯಿ ಮುಚ್ಚಿತ್ತು. ಮಧ್ಯಾಹ್ನ ಇಡೀ ನಾನು ಮೂಗು ಕಟ್ಟಿದ ಯಂತ್ರದಿಂದ ವಾಸನೆ ನೋಡಿದ್ದೆ. 46 ವಾಲ್ವುಗಳಲ್ಲಿ ಒಂದನ್ನೂ ನಾನು ಪರೀಕ್ಷಿಸಿರಲಿಲ್ಲ.

ಕೋಣೆಯಲ್ಲಿ ನಾನೊಬ್ಬನೇ ಇದ್ದೆ. ತುದಿ ಒರೆಸಿ, ಬಾಟಲಿಗೆ ಮತ್ತೆ ಹಿಡಿದು, ಸರಿ ಇದೆ ಎಂದು ರಿಜಿಸ್ಟರಿನಲ್ಲಿ ಬರೆದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹೆಚ್ಚಿನವು ಒಳ್ಳೆಯವೇ ಇರುತ್ತವೆ ಎಂದು ಮನಸ್ಸು ಹೇಳಿತು. ಮನೆಗೆ ಹಣ ಕಳುಹಿಸಬೇಕು, ತಂಗಿಯ ಮದುವೆ ಗೊತ್ತಾಗಿತ್ತು. ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಲಾರಿ ಸ್ಟಾರ್ಟ್ ಆದ ಸದ್ದು ಕೇಳಿ ಓಡಿದೆ. ಓಡುವಾಗ ಕೂಡ ಧೈರ್ಯದಿಂದ ಓಡಿದೆ ಎಂದು ಹೇಳಲಾರೆ.

ನಮ್ಮ ಸೂಪರ್‌ವೈಸರ್ ವಯಸ್ಸಾದವರು, ಮಾತು ಕಡಿಮೆ. ನಾನು ಹೇಳಿದ್ದನ್ನು ಪೂರ್ತಿ ಕೇಳಿ ಲಾರಿ ನಿಲ್ಲಿಸಿದರು. ರಿಜಿಸ್ಟರ್ ತರಿಸಿ, ನಾನು ಸಹಿ ಹಾಕಿದ ಪುಟದ ಮೇಲೆ ಮೂಲೆಯಿಂದ ಮೂಲೆಗೆ ಕೆಂಪು ಗೆರೆ ಎಳೆದರು. "ಹೋಗಿ ಚಾ ಕುಡಿದು ಬಾ. ರಾತ್ರಿ ಕೆಲಸ ಇದೆ" ಎಂದರು. ಬೆಳಗಿನ ಜಾವ ಎರಡೂವರೆ ತನಕ ಇಬ್ಬರೂ ಕುಳಿತು 46ನ್ನೂ ಮತ್ತೆ ನೋಡಿದೆವು. ಮೂರು ಸೋರುತ್ತಿದ್ದವು. ಅದರಲ್ಲಿ ಒಂದು ಸಾಬೂನು ನೀರಿಗೂ ಸಿಗುವಷ್ಟು. ಮಾಲು ಒಂದು ದಿನ ತಡವಾಯಿತು, ಮೇಲಿನವರಿಂದ ಬೈಗುಳ ಬಂತು. ನನ್ನ ಕೆಲಸ ಉಳಿಯಿತು. ಆ ವಾರದಿಂದ ಬಾಟಲಿಯ ಪರೀಕ್ಷೆಗೆ ಇಬ್ಬರ ಸಹಿ ಬೇಕು ಎಂದಾಯಿತು. ಮುಳ್ಳು ತುಂಬ ಕೆಳಗಿದ್ದರೆ ಸಂತೋಷಪಡಬೇಡ, ಸಂಶಯಪಡು ಎಂದು ನಾನು ಹೊಸ ಹುಡುಗರಿಗೆ ಹೇಳಿಕೊಡಲು ಶುರುಮಾಡಿದ್ದೂ ಆಗಲೇ.

ಒಂದು ಎಚ್ಚರಿಕೆ ಬಿಟ್ಟುಹೋಯಿತು. ಹೀಲಿಯಂ ವಿಷವಲ್ಲ, ಆದರೆ ಅದರಲ್ಲಿ ಆಮ್ಲಜನಕ ಇಲ್ಲ. ಮುಚ್ಚಿದ ಕೋಣೆಯಲ್ಲಿ ತುಂಬಿಕೊಂಡರೆ ಉಸಿರುಕಟ್ಟಿ ಬೀಳುತ್ತಾರೆ, ಬೀಳುವ ತನಕ ಗೊತ್ತಾಗುವುದಿಲ್ಲ. ಬಲೂನಿನ ಹೀಲಿಯಂ ಎಳೆದು ಸ್ವರ ಬದಲಿಸುವ ಆಟ ಯಾರೂ ಆಡಬೇಡಿ. ಮತ್ತೆ, ಅದು ನಮ್ಮ ದೇಶಕ್ಕೆ ಹೆಚ್ಚಾಗಿ ಹೊರಗಿನಿಂದ ಬರುವ ದುಬಾರಿ ಅನಿಲ. ಆಸ್ಪತ್ರೆಯ ಎಂಆರ್‌ಐ ಯಂತ್ರಕ್ಕೂ ಅದೇ ಬೇಕು. ಹಾಗಾಗಿ ಈಗ ಬಳಸಿದ್ದನ್ನು ಹಿಂದಕ್ಕೆ ಎಳೆದು ಮತ್ತೆ ಬಳಸುತ್ತಾರೆ. ಸಾಕಾಗುವಲ್ಲಿ ನೂರಕ್ಕೆ ಐದು ಪಾಲು ಹೈಡ್ರೋಜನ್, ಉಳಿದದ್ದು ನೈಟ್ರೋಜನ್ ಇರುವ ಮಿಶ್ರಣದಿಂದ ಕೆಲಸ ನಡೆಸುತ್ತಾರೆ. ಅಷ್ಟು ತೆಳುವಾದರೆ ಅದು ಬೆಂಕಿ ಹಿಡಿಯುವುದಿಲ್ಲ.

ನನ್ನ ಹತ್ತಿರ ಇಲ್ಲಿಗೆ ತರುವ ಹಾಗಿನ ಹೀಲಿಯಂ ಯಂತ್ರ ಇಲ್ಲ. ಆದರೆ ನಾಲ್ಕು ಹಳೆಯ ಸೈಕಲ್ ಟ್ಯೂಬ್, ಒಂದು ಪಂಪು, ಒಂದು ಪ್ರೆಷರ್ ಗೇಜು, ಸಾಬೂನು ತಂದಿದ್ದೇನೆ. ಮೂರರಲ್ಲಿ ಒಟ್ಟೆ ಉಂಟಾ ಇಲ್ಲವಾ ಎಂದು ನನಗೇ ಗೊತ್ತಿಲ್ಲ. ನಾಲ್ಕನೆಯದಕ್ಕೆ ನಾನೇ ಸೂಜಿಯಿಂದ ಚುಚ್ಚಿ ಕೆಂಪು ದಾರ ಕಟ್ಟಿದ್ದೇನೆ. ಊಟದ ನಂತರ ಒಂಬತ್ತು, ಹತ್ತನೆಯ ತರಗತಿಯವರು ವಿಜ್ಞಾನ ಕೊಠಡಿಗೆ ಬನ್ನಿ. ಬರುವಾಗ ಎರಡು ಬಕೆಟ್ ನೀರು ತನ್ನಿ, ಮತ್ತು ಕೆಂಪು ದಾರದ ಟ್ಯೂಬನ್ನು ಮೊದಲು ಮುಳುಗಿಸಿ.